ಬ್ಯಾಂಕ್ ಮುಳುಗಿದರೆ ನಮ್ಮ ದುಡ್ಡು ಏನಾಗುತ್ತದೆ? ಪಾಸ್‌ಬುಕ್ ಮುದ್ರೆಯ ಹಿಂದಿನ ಲೆಕ್ಕ

ಪಾಸ್‌ಬುಕ್‌ನ ಒಂದು ಫೋಟೋ. ಅದರ ಮೇಲೊಂದು ಮುದ್ರೆ. 'ಬ್ಯಾಂಕ್ ಮುಳುಗಿದರೆ ನಿಮಗೆ ಸಿಗುವುದು ಇಷ್ಟೇ, ಉಳಿದ ದುಡ್ಡು ಗೋವಿಂದ! ಇವತ್ತೇ ತೆಗೆದುಬಿಡಿ, ಎಲ್ಲಾ ಗ್ರೂಪಿಗೂ ಕಳಿಸಿ.' ಇಂಥ ಸಂದೇಶ ನಿಮ್ಮ ಫೋನಿಗೂ ಒಂದಲ್ಲ ಒಂದು ಸಲ ಬಂದಿರಬಹುದು. 2019ರ ಅಕ್ಟೋಬರಿನಲ್ಲಿ ಒಂದು ಖಾಸಗಿ ಬ್ಯಾಂಕಿನ ಪಾಸ್‌ಬುಕ್ ಚಿತ್ರ ದೇಶದ ತುಂಬ ಹೀಗೆ ಓಡಾಡಿತ್ತು. ಆಗ ಅದರಲ್ಲಿದ್ದ ಮೊತ್ತ 1 ಲಕ್ಷ ರೂಪಾಯಿ. ಮುಂದೆ ಮೊತ್ತ 5 ಲಕ್ಷವಾಯಿತು, ಬ್ಯಾಂಕಿನ ಹೆಸರು ಬದಲಾಯಿತು. ಗಾಬರಿ ಮಾತ್ರ ಹಾಗೆಯೇ ಉಳಿಯಿತು.

ಈ ಸಂದೇಶದಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಅದಕ್ಕೇ ಅದು ಅಷ್ಟು ಬೇಗ ಹರಡುತ್ತದೆ. ಎರಡನ್ನೂ ಬೇರೆ ಮಾಡಿ ನೋಡೋಣ.

ಚುಟುಕಾಗಿ ಉತ್ತರ

ಮುದ್ರೆ ನಿಜ. ಬ್ಯಾಂಕುಗಳು ಠೇವಣಿ ವಿಮೆಯ ಮಾಹಿತಿಯನ್ನು ಪಾಸ್‌ಬುಕ್‌ನಲ್ಲಿ ಮುದ್ರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿತ್ತು. ಅಂದರೆ ಅದು ಆ ಬ್ಯಾಂಕ್ ಮುಳುಗುತ್ತಿದೆ ಎಂಬುದರ ಸೂಚನೆಯಲ್ಲ, ಗ್ರಾಹಕರಿಗೆ ಕೊಡಲೇಬೇಕಾದ ತಿಳಿವಳಿಕೆ. 2020ರ ಫೆಬ್ರುವರಿ 4ರಿಂದ ಈ ವಿಮೆಯ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ.

'ಉಳಿದದ್ದು ಗೋವಿಂದ' ಎಂಬ ಮಾತು ಮಾತ್ರ ಸರಿಯಲ್ಲ. 5 ಲಕ್ಷ ಎಂಬುದು ಖಾತ್ರಿಯಾಗಿ, ಮೊದಲು ಸಿಗುವ ಹಣ. ಉಳಿದದ್ದು ಸಿಗುತ್ತದೆಯೇ, ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂಬುದು ಬ್ಯಾಂಕನ್ನು ಯಾರಾದರೂ ವಹಿಸಿಕೊಳ್ಳುತ್ತಾರೆಯೇ, ಅದರ ಸಾಲಗಳು ಎಷ್ಟು ವಸೂಲಾಗುತ್ತವೆ ಎಂಬುದರ ಮೇಲೆ ನಿಂತಿರುತ್ತದೆ. ಇದು ಅರ್ಥವಾಗಬೇಕಾದರೆ ಮೊದಲು ನಮ್ಮ ದುಡ್ಡು ಎಲ್ಲಿರುತ್ತದೆ ಎಂದು ತಿಳಿಯಬೇಕು.

ನಾವಿಟ್ಟ 100 ರೂಪಾಯಿ ಎಲ್ಲಿಗೆ ಹೋಗುತ್ತದೆ?

ಬ್ಯಾಂಕಿನಲ್ಲಿ ಇಟ್ಟ ಹಣ ಅಲ್ಲೇ ತಿಜೋರಿಯಲ್ಲಿ ಕಟ್ಟುಕಟ್ಟಾಗಿ ಕೂತಿರುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಿಲ್ಲ. ಠೇವಣಿ ಎಂದರೆ ನಾವು ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕ್ ಅದನ್ನು ಬೇರೆಯವರಿಗೆ ಹೆಚ್ಚು ಬಡ್ಡಿಗೆ ಕೊಡುತ್ತದೆ. ಆ ಎರಡು ಬಡ್ಡಿಗಳ ನಡುವಿನ ಅಂತರವೇ ಬ್ಯಾಂಕಿನ ಮುಖ್ಯ ಗಳಿಕೆ.

ಸುಮ್ಮನೆ ಒಂದು ಅಂದಾಜಿಗೆ 100 ರೂಪಾಯಿ ಠೇವಣಿ ತೆಗೆದುಕೊಳ್ಳೋಣ. 2025ರ ಕೊನೆಯ ಹೊತ್ತಿಗೆ ಇದ್ದ ನಿಯಮದಂತೆ ವಾಣಿಜ್ಯ ಬ್ಯಾಂಕೊಂದು ಅದರಲ್ಲಿ 3 ರೂಪಾಯಿಯನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. ಇದಕ್ಕೆ ಸಿಆರ್‌ಆರ್ ಎನ್ನುತ್ತಾರೆ. ಇದಕ್ಕೆ ಬಡ್ಡಿ ಇಲ್ಲ. ಇನ್ನು 18 ರೂಪಾಯಿಯನ್ನು ಸರ್ಕಾರಿ ಸಾಲಪತ್ರ, ಚಿನ್ನ ಅಥವಾ ನಗದಿನಲ್ಲಿ ಇಡಬೇಕು. ಇದು ಎಸ್‌ಎಲ್‌ಆರ್. ಬಹುಪಾಲು ಹಣ ಸರ್ಕಾರಿ ಸಾಲಪತ್ರಗಳಿಗೇ ಹೋಗುತ್ತದೆ. ಉಳಿದ ಹಣ ಮನೆ ಸಾಲ, ಬೆಳೆ ಸಾಲ, ಅಂಗಡಿ ಸಾಲ, ಕಾರ್ಖಾನೆ ಸಾಲ ಹೀಗೆ ಹಂಚಿಹೋಗುತ್ತದೆ. ದೊಡ್ಡ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದ 40% ಭಾಗವನ್ನು ಕೃಷಿ, ಸಣ್ಣ ಉದ್ದಿಮೆ ಮೊದಲಾದ ಆದ್ಯತಾ ವಲಯಕ್ಕೆ ಕೊಡಬೇಕು ಎಂಬ ನಿಯಮವೂ ಇದೆ.

ಹಾಗಾಗಿ ಅಜ್ಜಿಯ ಒಂದು ಎಫ್‌ಡಿಯಲ್ಲಿ ಸರ್ಕಾರದ ರಸ್ತೆಯೂ ಇದೆ, ಪಕ್ಕದ ಬೀದಿಯ ಬೇಕರಿಯವರ ಒಲೆಯೂ ಇದೆ, ಯಾವುದೋ ಕಂಪನಿಯ ಯಂತ್ರವೂ ಇದೆ. ಮನೆ, ಕಂಪನಿ, ಬ್ಯಾಂಕ್, ಸರ್ಕಾರ ನಾಲ್ಕೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿವೆ.

ಸಣ್ಣ ದುಡ್ಡಿಗೂ ಈ ಶಕ್ತಿ ಇದೆ ಎನ್ನುವುದು ಕನ್ನಡ ನಾಡಿಗೆ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಎರಡೆರಡಾಣೆ ಸೇರಿಯೇ ಒಂದು ದೊಡ್ಡ ಬ್ಯಾಂಕ್ ಬೆಳೆಯಿತು.

ಹಾಗಾದರೆ ಬ್ಯಾಂಕ್ ಮುಳುಗುವುದು ಹೇಗೆ?

ಬ್ಯಾಂಕ್ ಮುಳುಗುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಕೊಟ್ಟ ಸಾಲ ವಾಪಸ್ ಬಾರದಿರುವುದು. ಒಂದು ಬ್ಯಾಂಕಿನ ಹತ್ತಿರ ಷೇರುದಾರರ ಸ್ವಂತ ಹಣ 10 ರೂಪಾಯಿ, ಠೇವಣಿದಾರರ ಹಣ 90 ರೂಪಾಯಿ ಇದೆ ಎಂದುಕೊಳ್ಳಿ. ಒಟ್ಟು 100 ರೂಪಾಯಿ ಹೊರಗೆ ಸಾಲವಾಗಿ ಮತ್ತು ಹೂಡಿಕೆಯಾಗಿ ಇದೆ. ಅದರಲ್ಲಿ 4 ರೂಪಾಯಿ ಮುಳುಗಿದರೆ ನಷ್ಟ ಷೇರುದಾರರ 10 ರೂಪಾಯಿಯಲ್ಲೇ ಕಳೆದುಹೋಗುತ್ತದೆ. ಠೇವಣಿದಾರರಿಗೆ ಏನೂ ಆಗುವುದಿಲ್ಲ. 12 ರೂಪಾಯಿ ಮುಳುಗಿದರೆ? ಸ್ವಂತ ಬಂಡವಾಳ ಪೂರ್ತಿ ಕರಗಿ, ಇನ್ನೂ 2 ರೂಪಾಯಿ ಠೇವಣಿದಾರರ ಹಣಕ್ಕೇ ಕೈ ಹಾಕುತ್ತದೆ. ಬ್ಯಾಂಕುಗಳು ಇಂತಿಷ್ಟು ಬಂಡವಾಳ ಇಟ್ಟುಕೊಳ್ಳಲೇಬೇಕು ಎಂದು ರಿಸರ್ವ್ ಬ್ಯಾಂಕ್ ಹಟ ಹಿಡಿಯುವುದು ಇದಕ್ಕೇ. ಆ ಬಂಡವಾಳ ನಮ್ಮ ದುಡ್ಡಿನ ಮುಂದೆ ನಿಂತ ತಡೆಗೋಡೆ.

2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕ್ ಅಂದರೆ ಪಿಎಂಸಿ ಬ್ಯಾಂಕ್ ಕುಸಿದದ್ದು ಹೀಗೆಯೇ. ಅದರ ಸಾಲದ 70%ಕ್ಕೂ ಹೆಚ್ಚು ಭಾಗ ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು, ಅದನ್ನು ಲೆಕ್ಕದಲ್ಲಿ ಮುಚ್ಚಿಡಲಾಗಿತ್ತು. ಮೊದಲ ದಿನ ಠೇವಣಿದಾರರಿಗೆ ತೆಗೆಯಲು ಬಿಟ್ಟದ್ದು ಬರೀ 1,000 ರೂಪಾಯಿ.

ಎರಡನೆಯ ದಾರಿ, ಎಲ್ಲರೂ ಒಟ್ಟಿಗೆ ಬಂದು ದುಡ್ಡು ಕೇಳುವುದು. ಹಣ 15 ವರ್ಷದ ಮನೆ ಸಾಲದಲ್ಲಿ ಸಿಕ್ಕಿಕೊಂಡಿರುವಾಗ ಎಷ್ಟೇ ಗಟ್ಟಿ ಬ್ಯಾಂಕಾದರೂ ಎಲ್ಲರಿಗೂ ಅದೇ ದಿನ ಕೊಡಲಾರದು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ 2023ರ ಮಾರ್ಚ್ 9ರಂದು ಒಂದೇ ದಿನ ಗ್ರಾಹಕರು ಕೇಳಿದ ಮೊತ್ತ ಸುಮಾರು 4,200 ಕೋಟಿ ಡಾಲರ್. ಮರುದಿನವೇ ಬ್ಯಾಂಕ್ ಮುಚ್ಚಿತು. ಅದರ ಹೂಡಿಕೆಯಲ್ಲಿ ನಷ್ಟ ಇದ್ದದ್ದು ನಿಜ. ಆದರೆ ಆ ನಷ್ಟವನ್ನು ಅಷ್ಟು ಬೇಗ ಸಾವಾಗಿಸಿದ್ದು ಫೋನಿನಿಂದ ಫೋನಿಗೆ ಹಾರಿದ ಸಂದೇಶಗಳು ಮತ್ತು ಕೂತಲ್ಲೇ ಹಣ ವರ್ಗಾಯಿಸುವ ಸೌಲಭ್ಯ.

ಅಂದರೆ 'ಈ ಬ್ಯಾಂಕ್ ಮುಳುಗುತ್ತಿದೆ, ತೆಗೆದುಬಿಡಿ' ಎಂಬ ಸುಳ್ಳು ಸಂದೇಶ, ಸಾಕಷ್ಟು ಜನ ನಂಬಿಬಿಟ್ಟರೆ, ತನ್ನನ್ನು ತಾನೇ ನಿಜ ಮಾಡಿಕೊಳ್ಳಬಲ್ಲದು.

ಒಂದು ಬ್ಯಾಂಕ್ ನಿಂತರೆ ಯಾರ್‍ಯಾರಿಗೆ ಪೆಟ್ಟು?

2020ರ ಮಾರ್ಚ್ 5ರಂದು ಯೆಸ್ ಬ್ಯಾಂಕ್ ಮೇಲೆ ನಿರ್ಬಂಧ ಹೇರಿ, 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದರು. ಆ ಬ್ಯಾಂಕಿನಲ್ಲಿ ಖಾತೆ ಇಲ್ಲದವರಿಗೂ ಬಿಸಿ ತಟ್ಟಿತು. ಫೋನ್‌ಪೇ ಆಗ ಯುಪಿಐ ವ್ಯವಹಾರಕ್ಕೆ ಆ ಬ್ಯಾಂಕನ್ನೇ ನೆಚ್ಚಿಕೊಂಡಿದ್ದರಿಂದ ಅದರ ಸೇವೆ ನಿಂತುಹೋಯಿತು. ಅಂಥ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇಟ್ಟ ಕಂಪನಿಗೆ ಸಂಬಳ ಹಾಕುವುದು ಕಷ್ಟ, ಅಂಗಡಿಯವರಿಗೆ ಸರಕು ತಂದವರ ಬಾಕಿ ತೀರಿಸುವುದು ಕಷ್ಟ.

ಯೆಸ್ ಬ್ಯಾಂಕಿಗೆ ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಹಲವು ಬ್ಯಾಂಕುಗಳು ಬಂಡವಾಳ ಹಾಕಿದವು. ಮಾರ್ಚ್ 18ಕ್ಕೆ ನಿರ್ಬಂಧ ತೆಗೆದರು. ಠೇವಣಿದಾರರ ಅಸಲು ಹೋಗಲಿಲ್ಲ. ಆದರೆ ಅದೇ ಬ್ಯಾಂಕಿನ ಎಟಿ-1 ಬಾಂಡ್ ಕೊಂಡವರ ಕಥೆ ಬೇರೆ. ಸುಮಾರು 8,400 ಕೋಟಿ ರೂಪಾಯಿ ಮೌಲ್ಯದ ಆ ಬಾಂಡ್‌ಗಳನ್ನು ಸೊನ್ನೆ ಮಾಡಲಾಯಿತು. ವಿಷಯ ಕೋರ್ಟಿನ ಮೆಟ್ಟಿಲೇರಿತು. 'ಎಫ್‌ಡಿ ಥರಾನೇ, ಬಡ್ಡಿ ಸ್ವಲ್ಪ ಜಾಸ್ತಿ' ಎಂಬ ಮಾತು ಕೇಳಿ ಬಾಂಡ್ ತೆಗೆದುಕೊಂಡವರೂ ಅದರಲ್ಲಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಮಾರುವುದೆಲ್ಲ ಠೇವಣಿಯಲ್ಲ ಎಂಬ ಪಾಠ ಇದು.

ಸರ್ಕಾರಿ ಬ್ಯಾಂಕುಗಳಲ್ಲಿ ಕೆಟ್ಟ ಸಾಲ ಹೆಚ್ಚಾದಾಗ ಭಾರ ಸರ್ಕಾರದ ಮೇಲೆ ಬೀಳುತ್ತದೆ. 2017ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿಯ ಬಂಡವಾಳ ಯೋಜನೆ ಪ್ರಕಟಿಸಿತು. ಸರ್ಕಾರದ ದುಡ್ಡು ಎಂದರೆ ಕೊನೆಗೆ ನಮ್ಮ ತೆರಿಗೆಯೇ. ಠೇವಣಿ ಕಳೆದುಕೊಳ್ಳದಿದ್ದರೂ ಬೆಲೆ ಕೊಡುವುದು ತಪ್ಪುವುದಿಲ್ಲ.

5 ಲಕ್ಷದ ವಿಮೆ ಬಂದದ್ದು ಹೇಗೆ?

1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮತ್ತು ಮಹಾರಾಷ್ಟ್ರದ ಲಕ್ಷ್ಮಿ ಬ್ಯಾಂಕ್ ಮುಳುಗಿದವು. ಸಾವಿರಾರು ಸಣ್ಣ ಉಳಿತಾಯಗಾರರು ಬೀದಿಗೆ ಬಂದರು. ಅದರ ಬೆನ್ನಿಗೆ 1961ರಲ್ಲಿ ಕಾಯ್ದೆ ಬಂತು, 1962ರ ಜನವರಿ 1ರಿಂದ ಠೇವಣಿ ವಿಮೆ ಶುರುವಾಯಿತು. ಆಗಿನ ಮಿತಿ 1,500 ರೂಪಾಯಿ! ಅದು ಮೆಟ್ಟಿಲು ಮೆಟ್ಟಿಲಾಗಿ ಏರಿ 1993ರಲ್ಲಿ 1 ಲಕ್ಷ ತಲುಪಿತು. ಆಮೇಲೆ 27 ವರ್ಷ ಅಲ್ಲೇ ನಿಂತಿತ್ತು. ಪಿಎಂಸಿ ಗಲಾಟೆಯ ನಂತರವೇ 5 ಲಕ್ಷವಾದದ್ದು.

ಈ ವಿಮೆ ಕೊಡುವ ಸಂಸ್ಥೆ ಡಿಐಸಿಜಿಸಿ. ಇದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ. ನಾವು ಪ್ರತ್ಯೇಕ ಅರ್ಜಿ ಹಾಕಬೇಕಿಲ್ಲ, ಕಂತು ಕಟ್ಟಬೇಕಿಲ್ಲ. ಕಂತು ಕಟ್ಟುವುದು ಬ್ಯಾಂಕ್. 2020ರ ಏಪ್ರಿಲ್‌ನಲ್ಲಿ ಆ ದರ 100 ರೂಪಾಯಿ ಠೇವಣಿಗೆ ವರ್ಷಕ್ಕೆ 10 ಪೈಸೆಯಿಂದ 12 ಪೈಸೆಗೆ ಏರಿತು. 'ನಿಮ್ಮ ಠೇವಣಿ ವಿಮೆ ನವೀಕರಿಸಲು ಈ ಲಿಂಕ್ ಒತ್ತಿ, ಒಟಿಪಿ ಹೇಳಿ' ಎಂದು ಯಾರಾದರೂ ಕೇಳಿದರೆ ಅದು ನೂರಕ್ಕೆ ನೂರು ಮೋಸ.

ಹಿಂದೆ ಬ್ಯಾಂಕಿನ ಪರವಾನಗಿ ರದ್ದಾಗಿ ಬಾಗಿಲು ಮುಚ್ಚುವವರೆಗೂ ವಿಮೆ ಹಣ ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಕಾಯಬೇಕಿತ್ತು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ಅನುಭವಿಸಿದ್ದು ಇದನ್ನೇ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ತೆಗೆಯುವ ಮಿತಿಯನ್ನು 35,000 ರೂಪಾಯಿಗೆ ಇಳಿಸಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟು ಬಡ್ಡಿಯಲ್ಲಿ ಮನೆ ನಡೆಸುತ್ತಿದ್ದ ಹಿರಿಯರು ಬಹಳ ಮಂದಿ ಅದರಲ್ಲಿದ್ದರು. ಔಷಧಿ ಖರ್ಚಿಗೂ ತಮ್ಮದೇ ಹಣ ಸಿಗದ ಸ್ಥಿತಿ.

2021ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅದರಂತೆ ಹಣ ತೆಗೆಯಲು ನಿರ್ಬಂಧ ಬಿದ್ದ 90 ದಿನಗಳ ಒಳಗೆ ವಿಮೆಯ ಮೊತ್ತ ಸಿಗಬೇಕು. ಮೊದಲ 45 ದಿನದಲ್ಲಿ ಬ್ಯಾಂಕ್ ಪಟ್ಟಿ ಕೊಡಬೇಕು, ಮುಂದಿನ 30 ದಿನದಲ್ಲಿ ಪರಿಶೀಲನೆ, ಕೊನೆಯ 15 ದಿನದಲ್ಲಿ ಪಾವತಿ. ಬ್ಯಾಂಕನ್ನು ಇನ್ನೊಂದರ ಜೊತೆ ಸೇರಿಸುವ ಮಾತುಕತೆ ನಡೆದಿದ್ದರೆ ಇದು ಇನ್ನೂ 90 ದಿನ ಮುಂದೆ ಹೋಗಬಹುದು. ಈ ತಿದ್ದುಪಡಿಯ ಬಳಿಕ ಡಿಐಸಿಜಿಸಿ ಮೊದಲು ಕೈಗೆತ್ತಿಕೊಂಡ 21 ಸಹಕಾರಿ ಬ್ಯಾಂಕುಗಳ ಪಟ್ಟಿಯಲ್ಲಿ ಗುರು ರಾಘವೇಂದ್ರ ಬ್ಯಾಂಕೂ ಇತ್ತು. 5 ಲಕ್ಷದ ಒಳಗಿನವರಿಗೆ ದಾರಿಯಾಯಿತು. ಅದಕ್ಕಿಂತ ಹೆಚ್ಚು ಇಟ್ಟವರಿಗೆ ಕಾಯುವುದೇ ಕೆಲಸವಾಯಿತು.

ಪಿಎಂಸಿ ಬ್ಯಾಂಕನ್ನು 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿಸಿದರು. ಅಲ್ಲಿ 5 ಲಕ್ಷ ಮೀರಿದ ಹಣವನ್ನು ಕಂತುಕಂತಾಗಿ, ದೊಡ್ಡ ಮೊತ್ತವಾದರೆ 10 ವರ್ಷದವರೆಗೆ ಎಳೆದು ಕೊಡುವ ಯೋಜನೆ ಮಾಡಿದರು. 70 ವರ್ಷದವರಿಗೆ 'ಇನ್ನು 10 ವರ್ಷಕ್ಕೆ ಸಿಗುತ್ತದೆ' ಎಂದರೆ ಏನರ್ಥ ಎಂದು ಯೋಚಿಸಿ.

ನಿಮ್ಮ 5 ಲಕ್ಷದ ಲೆಕ್ಕ ಹಾಕುವುದು ಹೀಗೆ

• ಮಿತಿ ಖಾತೆಗಲ್ಲ, ವ್ಯಕ್ತಿಗೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಎಸ್‌ಬಿ, ಎಫ್‌ಡಿ, ಆರ್‌ಡಿ ಇದ್ದರೂ ಎಲ್ಲ ಕೂಡಿಸಿಯೇ 5 ಲಕ್ಷ.

• ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ. ಅಸಲು 4,90,000, ಕೂಡಿದ ಬಡ್ಡಿ 30,000 ಇದ್ದರೆ ಸಿಗುವುದು 5,00,000. ಉಳಿದ 20,000 ವಿಮೆಯ ಹೊರಗೆ.

• ಬೇರೆ ಬೇರೆ ಬ್ಯಾಂಕುಗಳಿಗೆ ಬೇರೆ ಬೇರೆ ಮಿತಿ. ಎರಡು ಬ್ಯಾಂಕಿನಲ್ಲಿ 5 ಲಕ್ಷದಂತೆ ಇಟ್ಟರೆ 10 ಲಕ್ಷಕ್ಕೂ ರಕ್ಷಣೆ.

• ಬ್ಯಾಂಕುಗಳು ವಿಲೀನವಾದರೆ ಲೆಕ್ಕ ಬದಲಾಗುತ್ತದೆ. ಮೊದಲು ಸಿಂಡಿಕೇಟ್‌ನಲ್ಲೂ ಕೆನರಾದಲ್ಲೂ ಇಟ್ಟಿದ್ದವರಿಗೆ ಅವು ಎರಡು ಬ್ಯಾಂಕ್. 2020ರ ಏಪ್ರಿಲ್ 1ರಂದು ಒಂದಾದ ಮೇಲೆ ಅದು ಒಂದೇ ಬ್ಯಾಂಕ್.

• ಗಂಡ ಹೆಂಡತಿಯ ಜಂಟಿ ಖಾತೆಯನ್ನು ಅವರವರ ಒಂಟಿ ಖಾತೆಯೊಂದಿಗೆ ಕೂಡಿಸುವುದಿಲ್ಲ, ಅದಕ್ಕೆ ಬೇರೆ 5 ಲಕ್ಷ. ಆದರೆ ಒಬ್ಬರೇ ಮಾಲೀಕರಿರುವ ಅಂಗಡಿಯ ಚಾಲ್ತಿ ಖಾತೆಯನ್ನು ಆ ಮಾಲೀಕರ ಸ್ವಂತ ಖಾತೆಯೊಂದಿಗೆ ಕೂಡಿಸುತ್ತಾರೆ.

• ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲ ಬಾಕಿ ಇದ್ದರೆ ಅದನ್ನು ಮುರಿದುಕೊಂಡು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಬಹುದು.

ಇದು ಬಹಳ ಮುಖ್ಯ: ವಿಮೆ ಯಾವುದಕ್ಕೆ ಇಲ್ಲ?

ಫಾರ್ವರ್ಡ್‌ಗಳು ದೊಡ್ಡ ಬ್ಯಾಂಕುಗಳ ಬಗ್ಗೆ ಹೆದರಿಸುತ್ತವೆ. ನಿಜವಾದ ಅಪಾಯ ಅವು ಬಾಯಿಬಿಡದ ಕಡೆ ಇದೆ.

ಸರ್ಕಾರಿ, ಖಾಸಗಿ, ವಿದೇಶಿ ಬ್ಯಾಂಕುಗಳ ಇಲ್ಲಿನ ಶಾಖೆಗಳು, ಗ್ರಾಮೀಣ ಬ್ಯಾಂಕ್, ಅಪೆಕ್ಸ್ ಬ್ಯಾಂಕ್, ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್ ಇವಕ್ಕೆಲ್ಲ ಠೇವಣಿ ವಿಮೆ ಇದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಪತ್ತಿನ ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಚೀಟಿಗೆ ಇಲ್ಲ. ಠೇವಣಿ ತೆಗೆದುಕೊಳ್ಳುವ ಫೈನಾನ್ಸ್ ಕಂಪನಿಗಳಿಗೆ ಇಲ್ಲ. ಮ್ಯೂಚುವಲ್ ಫಂಡ್, ಷೇರು, ಬಾಂಡ್‌ಗೆ ಇಲ್ಲ.

ನಮ್ಮ ರಾಜ್ಯದಲ್ಲಿ ಸೌಹಾರ್ದಗಳು, ಪತ್ತಿನ ಸಂಘಗಳು ಬೀದಿಬೀದಿಗೂ ಇವೆ. ಪ್ರಾಮಾಣಿಕವಾಗಿ ನಡೆಯುವಂಥವು ಎಷ್ಟೋ ಇವೆ, ಹಳ್ಳಿಗಳಿಗೆ ಅವುಗಳಿಂದ ಉಪಕಾರವೂ ಆಗಿದೆ. ಆದರೆ ಕೌಂಟರ್, ಪಾಸ್‌ಬುಕ್, ಲಾಕರ್ ಎಲ್ಲ ಬ್ಯಾಂಕಿನ ಹಾಗೇ ಕಂಡರೂ ಅವು ಬ್ಯಾಂಕಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಹಕಾರ ಸಂಘಗಳು ಹೆಸರಿನಲ್ಲಿ 'ಬ್ಯಾಂಕ್' ಎಂಬ ಪದ ಬಳಸುವಂತಿಲ್ಲ, ಅಂಥಲ್ಲಿ ಇಟ್ಟ ಹಣಕ್ಕೆ ಡಿಐಸಿಜಿಸಿ ವಿಮೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಎಚ್ಚರಿಸಿತ್ತು. 'ಎಫ್‌ಡಿಗೆ ಬೇರೆಯವರಿಗಿಂತ 2–3% ಜಾಸ್ತಿ' ಎಂದಾಗ ಆ ಹೆಚ್ಚಿನ ಬಡ್ಡಿ ಈ ಇಲ್ಲದ ರಕ್ಷಣೆಯ ಬೆಲೆ ಎಂದು ತಿಳಿಯಿರಿ.

ಅಂಚೆ ಕಚೇರಿಯ ಉಳಿತಾಯ ಯೋಜನೆಗಳಿಗೂ ಡಿಐಸಿಜಿಸಿ ವಿಮೆ ಇಲ್ಲ. ಆದರೆ ಅದಕ್ಕೆ ಕಾರಣ ಬೇರೆ. ಅದು ಕೇಂದ್ರ ಸರ್ಕಾರದ್ದೇ ಹೊಣೆ, ಆದ್ದರಿಂದ 5 ಲಕ್ಷದ ಮಿತಿಯ ಪ್ರಶ್ನೆಯೇ ಬರುವುದಿಲ್ಲ.

ಮತ್ತೆ ಮತ್ತೆ ಬರುವ ಮೂರು ಸಂದೇಶಗಳು

*'ಹೊಸ ಕಾನೂನು ಬಂದಿದೆ, ಬ್ಯಾಂಕ್ ನಷ್ಟಕ್ಕೆ ನಿಮ್ಮ ಎಫ್‌ಡಿ ಮುರಿದುಕೊಳ್ಳುತ್ತಾರೆ.'* ಇದು ಹಳೆಯ ಸಂದೇಶ. 2017ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಎಫ್‌ಆರ್‌ಡಿಐ ಮಸೂದೆಯಲ್ಲಿ 'ಬೇಲ್-ಇನ್' ಎಂಬ ಅಂಶ ಇತ್ತು. ಜನರಲ್ಲಿ ಆತಂಕ ಎದ್ದಿತು. 2018ರ ಆಗಸ್ಟಿನಲ್ಲಿ ಸರ್ಕಾರ ಮಸೂದೆಯನ್ನು ಹಿಂದಕ್ಕೆ ಪಡೆಯಿತು. ಅದು ಕಾನೂನಾಗಲೇ ಇಲ್ಲ.

*'ಇಷ್ಟು ಸರ್ಕಾರಿ ಬ್ಯಾಂಕುಗಳನ್ನು ಮುಚ್ಚುತ್ತಿದ್ದಾರೆ.'* 2019ರ ಸೆಪ್ಟೆಂಬರಿನಲ್ಲಿ ಇಂಥದ್ದೇ ಪಟ್ಟಿ ಹರಿದಾಡಿದಾಗ ರಿಸರ್ವ್ ಬ್ಯಾಂಕ್ ಅದು ಸುಳ್ಳು ಎಂದು ಹೇಳಿತು. ಆಗ ನಡೆಯುತ್ತಿದ್ದದ್ದು ವಿಲೀನ. ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಕರಾವಳಿಯವರಿಗೆ ಮನೆಯ ಹೆಸರೇ ಹೋದಂತೆ ನೋವಾಯಿತು, ನಿಜ. ಠೇವಣಿ ಮಾತ್ರ ಹೋಗಲಿಲ್ಲ.

*'ದೊಡ್ಡವರ ಸಾಲ ರೈಟ್ ಆಫ್ ಮಾಡಿದರು, ಅಂದರೆ ಮನ್ನಾ ಮಾಡಿದರು.'* ರೈಟ್ ಆಫ್ ಎಂದರೆ ಬಾರದ ಸಾಲವನ್ನು ಬ್ಯಾಂಕ್ ತನ್ನ ಲೆಕ್ಕದ ಪುಸ್ತಕದ ಆಸ್ತಿ ಪಟ್ಟಿಯಿಂದ ತೆಗೆಯುವುದು. ಸಾಲಗಾರರ ಹೊಣೆ ಹಾಗೇ ಇರುತ್ತದೆ, ವಸೂಲಿ ಮೊಕದ್ದಮೆ ಮುಂದುವರಿಯಬಹುದು. ಮನ್ನಾ ಎಂದರೆ ಸಾಲವೇ ಇಲ್ಲವಾಗುವುದು. ಎರಡೂ ಒಂದಲ್ಲ. ಆದರೆ ರೈಟ್ ಆಫ್ ಆದ ಸಾಲವೆಲ್ಲ ವಾಪಸ್ ಬರುತ್ತದೆ ಎಂದುಕೊಳ್ಳುವುದೂ ತಪ್ಪು. ಬಾರದ ಪಾಲು ನಷ್ಟವೇ, ಅದನ್ನು ಯಾರಾದರೂ ಹೊರಲೇಬೇಕು.

ನಾವು ಮಾಡಬಹುದಾದದ್ದು

1. ನಿಮ್ಮ ಬ್ಯಾಂಕಿನ ಹೆಸರು ಡಿಐಸಿಜಿಸಿಯ ಜಾಲತಾಣದಲ್ಲಿರುವ ವಿಮಾ ಬ್ಯಾಂಕುಗಳ ಪಟ್ಟಿಯಲ್ಲಿ ಇದೆಯೇ ನೋಡಿ. ಮನೆಯ ಹಿರಿಯರ ಪಾಸ್‌ಬುಕ್ಕುಗಳನ್ನೂ ತೆಗೆದು ನೋಡಿ.

2. ನಿವೃತ್ತಿ ಹಣ, ಜಮೀನು ಮಾರಿದ ಹಣ, ಮದುವೆಗೆಂದು ಕೂಡಿಟ್ಟ ಹಣ ಒಂದೇ ಕಡೆ ಬೇಡ. ಅದರಲ್ಲೂ ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷ ದಾಟದಂತೆ ನೋಡಿಕೊಳ್ಳಿ.

3. ಪ್ರತಿ ಖಾತೆಗೂ ನಾಮಿನಿ ಹೆಸರು ಹಾಕಿಸಿ, ಕೆವೈಸಿ ಸರಿಯಾಗಿ ಇಡಿ. ನಿರ್ಬಂಧ ಬಿದ್ದಾಗ ದಾಖಲೆ ಸರಿ ಇಲ್ಲದಿದ್ದರೆ ಹಣ ಕೈಗೆ ಬರುವುದು ತಡವಾಗುತ್ತದೆ.

4. ಬ್ಯಾಂಕಿನಲ್ಲಿ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಇದು ಠೇವಣಿಯೇ, ಬೇರೆ ಏನಾದರೂನೇ?' ಉತ್ತರ ಬರಹದಲ್ಲಿ ಕೇಳಿ.

5. ಅತಿ ಬಡ್ಡಿಯ ಆಸೆ ತೋರಿಸಿ ಠೇವಣಿ ಎತ್ತುವವರ ಮೇಲೆ ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಮುಂದಿನ ಸಲ ಆ ಪಾಸ್‌ಬುಕ್ ಫೋಟೋ ಬಂದಾಗ ಎರಡು ತಪ್ಪು ಮಾಡಬಾರದು. ಹೆದರಿ ಎಫ್‌ಡಿ ಮುರಿದು ಹಣವನ್ನು ಮನೆಯ ಬೀರುವಿಗೋ, ವಿಮೆಯೇ ಇಲ್ಲದ ಇನ್ನೊಂದು ಕಡೆಗೋ ಹಾಕುವುದು ಒಂದು. 'ನಮ್ಮ ಬ್ಯಾಂಕಿಗೇನೂ ಆಗಲ್ಲ, ಮ್ಯಾನೇಜರ್ ಗೊತ್ತಿರೋರೇ' ಎಂದು ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಕಡೆ ಇಟ್ಟು ಕೂರುವುದು ಇನ್ನೊಂದು. ಗ್ರೂಪಿಗೆ ಏನಾದರೂ ಕಳಿಸಲೇಬೇಕೆಂದರೆ 'ಮುಳುಗುತ್ತಿದೆ' ಎಂಬ ಮಾತು ಬೇಡ. 'ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷ. ಸೌಹಾರ್ದ ಮತ್ತು ಪತ್ತಿನ ಸಂಘಕ್ಕೆ ಇದು ಇಲ್ಲ' ಎಂಬ ಈ ಒಂದು ಸಾಲನ್ನು ಕಳಿಸಿ. ಯಾರೋ ಒಬ್ಬರ ನಿವೃತ್ತಿಯ ಹಣ ಉಳಿದೀತು.